ಸಾರಕ್ಕಿಯವರ ಆಫ್ರಿಕಾ

ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಮೊದಲ ಮಹಡಿಯಲ್ಲಿದ್ದ ಶಾಮಣ್ಣನವರ ಟ್ರಾವೆಲ್ಸ್ ಆಫೀಸಿಗೆ ಪಂಕಜಾ ಸೇರಿ ಹತ್ತು ವರ್ಷದ ಮೇಲಾಗಿತ್ತು. ಕಾಶಿ, ರಾಮೇಶ್ವರ, ದಿಲ್ಲಿ, ಕಾಶ್ಮೀರ ಎಂದು ಶಾಮಣ್ಣನವರು ಬಸ್ಸು ಹೊರಡಿಸಿದಾಗಲೆಲ್ಲ ಕರಪತ್ರವನ್ನು ಟೈಪು ಮಾಡುವವಳು ಅವಳು. ಯಾವ ಊರಲ್ಲಿ ಯಾವ ಛತ್ರ ಚೊಕ್ಕಟವಾಗಿದೆ, ಎಲ್ಲಿ ಬಿಸಿನೀರು ಸಿಗುತ್ತದೆ, ಯಾವ ರೈಲು ತಡವಾಗಿ ಬರುತ್ತದೆ ಎಂಬುದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಅವಳು ಸ್ವತಃ ನೋಡಿದ್ದ ಅತಿ ದೂರದ ಊರು ಮಾತ್ರ ಮಂತ್ರಾಲಯ. ತಾಯಿಯ ಜೊತೆ ಸಾರಕ್ಕಿಯಲ್ಲಿ ಮುನಿವೆಂಕಟಮ್ಮನವರ ಮಹಡಿ ಮನೆಯಲ್ಲಿ ಬಾಡಿಗೆಗಿದ್ದಳು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಊರವರ ಪ್ರವಾಸ. ಅದರಲ್ಲಿ ಅವಳಿಗೆ ಬೇಸರವೇನೂ ಇರಲಿಲ್ಲ.

೧೯೮೫ರ ಬೇಸಿಗೆಯಲ್ಲಿ ಶಾಮಣ್ಣನವರಿಗೆ ಆಫ್ರಿಕಾದ ಯೋಚನೆ ಬಂತು. ಬೊಂಬಾಯಿಯ ವಿಮಾನ ಕಂಪನಿಯೊಂದು ಹದಿನೈದು ಜನ ಒಟ್ಟಿಗೆ ಹೋದರೆ ನೈರೋಬಿಗೆ ಅಗ್ಗದ ಟಿಕೆಟ್ಟು ಕೊಡುವುದಾಗಿ ಹೇಳಿತ್ತು. ಜೊತೆಗೆ ತಂಡ ಕರೆದೊಯ್ಯುವವನಿಗೆ ಒಂದು ಟಿಕೆಟ್ಟು ಬಿಟ್ಟಿ. ದೊಡ್ಡ ದೊಡ್ಡ ಕಂಪನಿಯವರು ಶ್ರೀಮಂತರಿಗೆ ತೋರಿಸುವ ಸಿಂಹ, ಚಿರತೆಗಳನ್ನು ಜಯನಗರದ ಸಂಬಳದ ಜನಕ್ಕೂ ತೋರಿಸಬೇಕು ಎಂದು ಅವರು ಹುರುಪಿನಿಂದ ಹೇಳಿದರು. ನೈರೋಬಿ ಪಟ್ಟಣ, ಮಸಾಯಿ ಮಾರಾ ಕಾಡು, ಮೊಂಬಾಸಾ ಸಮುದ್ರ: ಇಷ್ಟನ್ನು ಸೇರಿಸಿ ಕರಪತ್ರ ತಯಾರಾಯಿತು. ಆ ಬಿಟ್ಟಿ ಟಿಕೆಟ್ಟಿನಲ್ಲಿ ಹೋಗುವವರು ತಾವೇ ಎಂದು ಶಾಮಣ್ಣನವರು ಆಗಲೇ ಒಂದು ಬಿಳಿ ಬಟ್ಟೆಯ ಟೋಪಿ ಕೊಂಡು ತಂದು ಆಫೀಸಿನ ಗೂಟಕ್ಕೆ ನೇತುಹಾಕಿದ್ದರು.

ಮೊದಲು ಹೆಸರು ಕೊಟ್ಟವರು ಪಂಕಜಾಳ ಮನೆಯೊಡತಿ ಮುನಿವೆಂಕಟಮ್ಮ.

ಆಕೆಗೆ ಐವತ್ತೈದು ದಾಟಿತ್ತು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ರಾಗಿ, ಅವರೆ ಬೆಳೆಯುತ್ತಿದ್ದ ಹೊಲವೆಲ್ಲ ಜೆ.ಪಿ. ನಗರದ ಸೈಟುಗಳಾಗಿ, ಬಂದ ಪರಿಹಾರದಲ್ಲಿ ನಾಲ್ಕಾರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಕರಪತ್ರವನ್ನು ಪಂಕಜಾ ತಾಯಿಗೆ ಓದಿ ಹೇಳುತ್ತಿದ್ದಾಗ ಮೆಟ್ಟಿಲ ಮೇಲೆ ಕುಳಿತು ಕೇಳಿಸಿಕೊಂಡ ಆಕೆ, ಅಲ್ಲಿ ಉದ್ದ ಕತ್ತಿನ ಜಿರಾಫೆ ಇದೆಯೇ ಎಂದು ವಿಚಾರಿಸಿದರು. ಇದೆ ಎಂದಳು ಪಂಕಜಾ. ಆನೆಯೂ ಇದೆ, ಹಿಂಡು ಹಿಂಡು ಎಂದು ಸೇರಿಸಿದಳು.

"ಆನೆ ನಾನು ನೋಡ್ದೇ ಇರೋದಾ? ನಮ್ ತೌರು ಕಗ್ಗಲೀಪುರದ ತಾವ ರಾಗಿ ತಿನ್ನಾಕೆ ಬರ್ತಿದ್ವು. ತಮಟೆ ಬಡಿದೂ ಬಡಿದೂ ಕೈ ಸೋತೋಗೋದು," ಎಂದರು ಮುನಿವೆಂಕಟಮ್ಮ. "ನಂಗೆ ಜಿರಾಫೆ ಓಡೋದು ನೋಡ್ಬೇಕು."

ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಮೈಸೂರಿಗೆ ಹೋಗಿ ಮೃಗಾಲಯ ನೋಡಿದ್ದರಂತೆ. ಅಲ್ಲಿ ಜಿರಾಫೆ ಸುಮ್ಮನೆ ನಿಂತಿತ್ತು. ಅಷ್ಟುದ್ದ ಕಾಲಿಟ್ಟುಕೊಂಡು ಅದು ಓಡುವುದು ಹೇಗೆ, ಮುಗ್ಗರಿಸುವುದಿಲ್ಲವೇ ಎಂದು ಕೇಳಿದ್ದಕ್ಕೆ ಗಂಡ, ಇಲ್ಲಿ ಅದಕ್ಕೆ ಓಡಲು ಜಾಗವೆಲ್ಲಿದೆ, ಅದರ ಊರಿಗೇ ಹೋಗಿ ನೋಡಬೇಕು ಎಂದಿದ್ದರಂತೆ. ಅದನ್ನು ಆಕೆ ಮರೆತಿರಲಿಲ್ಲ.

ಮನೆಯಲ್ಲಿ ವಿರೋಧ ಬಂದದ್ದು ಮೈದುನನ ಮಗ ಬೈರಣ್ಣನಿಂದ. ಆ ದುಡ್ಡಿಗೆ ಮಹಡಿಯ ಮೇಲೆ ಇನ್ನೊಂದು ಮನೆ ಎಬ್ಬಿಸಬಹುದು, ಇಲ್ಲದಿದ್ದರೆ ಕಾಶಿಗಾದರೂ ಹೋಗಿ ಬಂದರೆ ಪುಣ್ಯ ಬರುತ್ತದೆ, ಪ್ರಾಣಿ ನೋಡಲು ಬನ್ನೇರುಘಟ್ಟ ಪಕ್ಕದಲ್ಲೇ ಇದೆ ಎಂದು ಅವನು ವಾದಿಸಿದ. ಮುನಿವೆಂಕಟಮ್ಮ ವಾದಕ್ಕೆ ಹೋಗಲಿಲ್ಲ. ಪಂಕಜಾಳನ್ನು ಜೊತೆಗಿಟ್ಟುಕೊಂಡು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರು. ಹುಟ್ಟಿದ ತಾರೀಕು ಕೇಳಿದಾಗ, ಪ್ಲೇಗು ಬಂದು ಊರವರೆಲ್ಲ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ವರ್ಷ ಎಂದರು; ಕೊನೆಗೆ ವಕೀಲರೊಬ್ಬರು ಅಫಿಡವಿಟ್ಟು ಬರೆದುಕೊಟ್ಟು ಆಕೆಗೊಂದು ಜನ್ಮದಿನ ಮಾಡಿಕೊಟ್ಟರು. ಹಳದಿ ಜ್ವರದ ಚುಚ್ಚುಮದ್ದಿಗೆ ಮದರಾಸಿಗೆ ಹೋಗಬೇಕೆಂದು ತಿಳಿದಾಗ ಒಬ್ಬರನ್ನೇ ಕಳಿಸಲಾಗದೆ ಬೈರಣ್ಣನೂ ರೈಲು ಹತ್ತಿದ. ಅಲ್ಲಿಯವರೆಗೆ ಬಂದಮೇಲೆ ತಾನೂ ತೋಳು ಕೊಟ್ಟು ಚುಚ್ಚಿಸಿಕೊಂಡ. ದೊಡ್ಡಮ್ಮನನ್ನು ನೋಡಿಕೊಳ್ಳಲು ಒಬ್ಬರು ಬೇಕಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಬ್ಯಾಂಕಿನವರು, ಮೇಷ್ಟರು, ಜಯನಗರದ ಒಂದು ಡಾಕ್ಟರ ಕುಟುಂಬ, ಹೀಗೆ ಸೇರುತ್ತ ಹದಿನೈದೂ ಜನ ತುಂಬಿದರು. ಹೊರಡಲು ಎರಡು ತಿಂಗಳಿದೆ ಎನ್ನುವಾಗ ನೈರೋಬಿಯ ಏಜೆಂಟನಿಂದ ಟೆಲೆಕ್ಸ್ ಬಂತು. ಮಸಾಯಿ ಮಾರಾದ ವಸತಿಗೃಹಗಳು ದರ ಏರಿಸಿವೆ, ಹಳೆಯ ರೇಟಿಗೆ ಆಗುವುದಿಲ್ಲ. ಜನರಿಂದ ಇನ್ನಷ್ಟು ಕೇಳೋಣವೆಂದರೆ ವಿದೇಶಕ್ಕೆ ಹೋಗುವ ಒಬ್ಬೊಬ್ಬರಿಗೆ ಸರ್ಕಾರ ಕೊಡುವ ಡಾಲರಿಗೇ ಮಿತಿ ಇತ್ತು. ಪಂಕಜಾ ಸಂಜೆಯವರೆಗೆ ಕುಳಿತು ಹಾಗೂ ಹೀಗೂ ಕೂಡಿಸಿ ನೋಡಿದಳು. ಮಾರಾ ಬಿಟ್ಟರೆ ಮಾತ್ರ ಪ್ರವಾಸ ಆಗುತ್ತಿತ್ತು. ನೈರೋಬಿ ಪಟ್ಟಣದ ಅಂಚಿಗೇ ಒಂದು ಕಾಡಿದೆ, ಅದನ್ನು ನೋಡಿ ರೈಲಿನಲ್ಲಿ ಮೊಂಬಾಸಾಕ್ಕೆ ಹೋಗಿ ಬರಬಹುದು.

ಶಾಮಣ್ಣನವರು ಲೆಕ್ಕದ ಹಾಳೆಯನ್ನು ಎಳೆದುಕೊಂಡು ತಾವೂ ಒಮ್ಮೆ ಕೂಡಿಸಿ ನೋಡಿದರು. ಅವರು ಮೋಸಗಾರರಲ್ಲ, ಕಾಶಿ ಬಸ್ಸು ಕೆಟ್ಟು ನಿಂತಾಗ ಹೆಂಡತಿಯ ಬಳೆ ಅಡವಿಟ್ಟು ಎಲ್ಲರನ್ನೂ ರೈಲಿನಲ್ಲಿ ಕಳಿಸಿದ್ದ ಮನುಷ್ಯ. ಆದರೆ ಈ ಸಲ ಅವರಿಗೆ ಹೋಗಲೇಬೇಕಾಗಿತ್ತು.

"ನೋಡಮ್ಮ ಪಂಕಜಾ, ಕರಪತ್ರದಲ್ಲಿ ಮಾರಾ ಅಂತ ಹಾಗೇ ಇರಲಿ," ಎಂದರು. "ಪಟ್ಟಣದ ಕಾಡು ತೋರ್ಸಿ ಇದೇ ಮಾರಾ ಅಂದ್ರೆ ಯಾರಿಗೆ ಗೊತ್ತಾಗತ್ತೆ? ಸಿಂಹ ಅಲ್ಲೂ ಸಿಂಹವೇ."

ಪಂಕಜಾ ಟೈಪ್‌ರೈಟರಿಗೆ ಮುಸುಕು ಹಾಕಿ ಮನೆಗೆ ಬಂದಳು. ಇಷ್ಟು ವರ್ಷ ಅವಳು ಟೈಪು ಮಾಡಿದ್ದನ್ನು ನಂಬಿ ಜನ ಗಂಟುಮೂಟೆ ಕಟ್ಟಿದ್ದರು. ಅವಳು ನೋಡಿರದ ಊರುಗಳಾದರೂ ಬರೆದದ್ದು ಸುಳ್ಳಾಗಿರಲಿಲ್ಲ. ಕೆಲಸ ಹೋದರೆ ತಾಯಿಯ ಔಷಧಿಗೆ ಏನು ಮಾಡುವುದು ಎಂಬ ಚಿಂತೆಯೂ ಇತ್ತು.

ಭಾನುವಾರ ಬೆಳಿಗ್ಗೆ ಪ್ರವಾಸದವರೆಲ್ಲ ಮುನಿವೆಂಕಟಮ್ಮನವರ ಅಂಗಳದಲ್ಲಿ ಸೇರುವುದಿತ್ತು. ಏನೇನು ಕಟ್ಟಿಕೊಳ್ಳಬೇಕೆಂದು ತಿಳಿಸಲು ಶಾಮಣ್ಣನವರು ಪಂಕಜಾಳಿಗೇ ವಹಿಸಿದ್ದರು. ಕಾಫಿ ಕೊಟ್ಟಾದಮೇಲೆ ಅವಳು ಎದ್ದು ನಿಂತು ಟೆಲೆಕ್ಸಿನ ವಿಷಯವನ್ನು ಇದ್ದ ಹಾಗೆ ಹೇಳಿಬಿಟ್ಟಳು. ಮಾರಾ ಇಲ್ಲ, ಬೇಡವಾದವರಿಗೆ ದುಡ್ಡು ವಾಪಸು ಬರುವಂತೆ ನೋಡಿಕೊಳ್ಳುತ್ತೇನೆ ಎಂದಳು. ಶಾಮಣ್ಣನವರು ಆಡಿದ ಮಾತನ್ನು ಮಾತ್ರ ಹೇಳಲಿಲ್ಲ.

ಡಾಕ್ಟರ ಕುಟುಂಬ ಕೂಡಲೇ ಎದ್ದಿತು. ಮಾರಾ ಇಲ್ಲದೆ ಎಂಥ ಆಫ್ರಿಕಾ ಎಂದು ಡಾಕ್ಟರು ಬೇಸರದಿಂದ ಹೇಳಿದರು. ಅವರ ಹಿಂದೆಯೇ ಇನ್ನಿಬ್ಬರು ಹೊರಟರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕುಳಿತಿದ್ದಾಗ ಮುನಿವೆಂಕಟಮ್ಮ ಕೇಳಿದರು:

"ಆ ಪಟ್ಟಣದ ಕಾಡಲ್ಲಿ ಜಿರಾಫೆ ಐತಾ, ಪಂಕಜಮ್ಮ?"

"ಇದೆ ಅಮ್ಮ. ಆನೆ ಇಲ್ಲ. ಜಿರಾಫೆ, ಸಿಂಹ, ಪಟ್ಟೆ ಕುದುರೆ ಇವೆ."

"ಓಡಾಕೆ ಜಾಗ?"

"ಮೂರು ಕಡೆ ಬೇಲಿ ಇದೆಯಂತೆ. ಒಂದು ಕಡೆ ಪೂರ್ತಿ ಬಯಲು."

"ಒಂದು ಕಡೆ ಬಯಲಿದ್ರೆ ಸಾಕು. ನಾನು ಬರ್ತೀನಿ," ಎಂದರು ಆಕೆ. ಬೈರಣ್ಣ ಗೊಣಗಿಕೊಂಡು ತಲೆಯಾಡಿಸಿದ. ಮೇಷ್ಟರೂ ಬ್ಯಾಂಕಿನವರೂ ಉಳಿದರು. ಆದರೆ ಹದಿನೈದು ಜನ ಆಗದಿದ್ದರೆ ಅಗ್ಗದ ಟಿಕೆಟ್ಟೇ ಇಲ್ಲ.

ಮರುದಿನ ಆಫೀಸಿನಲ್ಲಿ ಶಾಮಣ್ಣನವರು ಕೂಗಾಡಲಿಲ್ಲ. ಡಾಕ್ಟರಿಂದ ಫೋನು ಬಂದಿತ್ತು, ಎಲ್ಲ ತಿಳಿದಿತ್ತು. ಪ್ರವಾಸ ನಿಂತಹಾಗೇ, ನೀನೂ ತಿಂಗಳ ಕೊನೆಗೆ ಬೇರೆ ಕಡೆ ನೋಡಿಕೋ ಎಂದಷ್ಟೇ ಹೇಳಿ ಮುಖ ತಿರುಗಿಸಿಕೊಂಡರು.

ಈ ಮಾತು ಮುನಿವೆಂಕಟಮ್ಮನವರ ಕಿವಿಗೆ ಬಿದ್ದಾಗ ಆಕೆ ಸೀರೆ ಬದಲಿಸಿ ಪಂಕಜಾಳನ್ನು ಹೊರಡಿಸಿದರು. ಖಾಲಿಯಾದ ಜಾಗಗಳನ್ನು ತಮ್ಮ ಕಡೆಯವರಿಂದಲೇ ತುಂಬಿಸುವುದು ಆಕೆಯ ಉಪಾಯ. ಕೋಣನಕುಂಟೆಯಲ್ಲಿ ನಾದಿನಿಯ ಮನೆ, ಚಿಕ್ಕಲಸಂದ್ರದಲ್ಲಿ ಬೀಗರ ಮನೆ; ಎಲ್ಲರೂ ಒಂದು ಕಾಲಕ್ಕೆ ಹೊಲ ಇದ್ದವರು, ಈಗ ಬಾಡಿಗೆ ಬರುವವರು, ವರ್ಷಕ್ಕೊಮ್ಮೆ ತಿರುಪತಿ, ಧರ್ಮಸ್ಥಳ ಎಂದು ಬಸ್ಸು ಮಾಡಿಕೊಂಡು ಹೋಗುವವರು. ಆಫ್ರಿಕಾ ಎಂದರೆ ಮೊದಲು ನಕ್ಕರು. ಆಮೇಲೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಿ ಊಟಕ್ಕೇನು ಮಾಡುವುದು?

ಉತ್ತರ ಪಂಕಜಾಳಿಗೂ ಗೊತ್ತಿರಲಿಲ್ಲ. ನಾಲ್ಕನೇ ಬ್ಲಾಕಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಗುಜರಾತಿ ಮುದುಕರೊಬ್ಬರು ಅರ್ಧ ಆಯುಷ್ಯ ನೈರೋಬಿಯಲ್ಲಿ ಕಳೆದವರು ಎಂದು ಕೇಳಿದ್ದಳು. ಅವರನ್ನು ಹೋಗಿ ಕಂಡಳು. ಅವರು ಹಳೆಯ ನೆನಪಿನಲ್ಲಿ ಖುಷಿಪಟ್ಟು, ತಮ್ಮ ಸಮಾಜದ ಅತಿಥಿಗೃಹ ಅಲ್ಲಿದೆ, ಕಡಿಮೆಗೆ ಕೋಣೆ, ಅನ್ನ, ಬೇಳೆ, ರೊಟ್ಟಿ ಎಲ್ಲ ಸಿಗುತ್ತದೆ, ತಾವೇ ಬರೆದು ತಿಳಿಸುತ್ತೇವೆ ಎಂದರು. ಅಲ್ಲಿಯ ಜನ ಏನು ತಿನ್ನುತ್ತಾರೆ ಎಂದು ಅವಳು ಕೇಳಿದಾಗ, ಮುಸುಕಿನ ಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಗಟ್ಟಿಯಾಗಿ ತಿರುವಿ, ಸೊಪ್ಪಿನ ಪಲ್ಯದ ಜೊತೆ ಕೈಯಲ್ಲಿ ಉಂಡೆ ಮಾಡಿ ತಿನ್ನುತ್ತಾರೆ, ಉಗಾಲಿ ಎನ್ನುತ್ತಾರೆ ಎಂದು ವಿವರಿಸಿದರು.

"ಅದು ಮುದ್ದೆನೇ ಅಲ್ವಾ," ಎಂದರು ಮುನಿವೆಂಕಟಮ್ಮ, ಸುದ್ದಿ ಕೇಳಿ. ಆ ಒಂದು ಮಾತು ಕೋಣನಕುಂಟೆಯಿಂದ ಚಿಕ್ಕಲಸಂದ್ರದವರೆಗೆ ಓಡಾಡಿತು. ಮುದ್ದೆ ಉಣ್ಣುವ ಜನರ ಊರೆಂದಮೇಲೆ ಭಯವೇನು ಎಂದು ಒಬ್ಬೊಬ್ಬರಾಗಿ ಬಂದರು.

ತಂಡ ತುಂಬಿದಮೇಲೆ ಮುನಿವೆಂಕಟಮ್ಮ ತಾವೇ ಆಫೀಸಿಗೆ ಬಂದು ಶಾಮಣ್ಣನವರ ಎದುರು ಕುಳಿತರು. ಜನ ಬರುವುದು ಪಂಕಜಾ ಕರೆದುಕೊಂಡು ಹೋದರೆ ಮಾತ್ರ ಎಂದು ಮೆತ್ತಗೆ ತಿಳಿಸಿದರು. ಅಂದರೆ ಬಿಟ್ಟಿ ಟಿಕೆಟ್ಟು ಪಂಕಜಾಳಿಗೆ. ಶಾಮಣ್ಣನವರ ಕಣ್ಣು ಗೂಟದಲ್ಲಿದ್ದ ಟೋಪಿಯ ಮೇಲೆ ಹೋಗಿ ಬಂತು. ಪಂಕಜಾಳಿಗೆ ಅದನ್ನು ನೋಡಲಾಗಲಿಲ್ಲ. ಬೇಡ, ಸಾರ್ ಹೋಗಲಿ, ನನಗೆ ಅನುಭವವಿಲ್ಲ ಎಂದು ತೊದಲಿದಳು.

"ಅವ್ರು ನಿನ್ನ ಮಾತು ನಂಬಿದ್ದಾರೆ. ನನ್ನದನ್ನ ಯಾಕೆ ನಂಬ್ತಾರೆ," ಎಂದರು ಶಾಮಣ್ಣ. ಪ್ರವಾಸದ ಕಡತವನ್ನು ಅವಳ ಕಡೆ ಸರಿಸಿ, "ಹೋಗಿ ಬಾ," ಎಂದರು.

ಹೊರಡುವ ದಿನವನ್ನು ಸ್ವಲ್ಪ ಮುಂದೂಡಿ ಪಂಕಜಾಳದೂ ಹೊಸಬರದೂ ಪಾಸ್‌ಪೋರ್ಟು, ಚುಚ್ಚುಮದ್ದು ಮಾಡಿಸಿದ್ದಾಯಿತು; ಕೆಲಸ ಬಿಡುವ ಮಾತು ಮತ್ತೆ ಬರಲಿಲ್ಲ. ಹೊರಡುವ ಮುಂಚಿನ ವಾರವೆಲ್ಲ ಶಾಮಣ್ಣನವರು ಅವಳಿಗೆ ಪಾಠ ಹೇಳಿದರು. ಎಲ್ಲರ ಪಾಸ್‌ಪೋರ್ಟನ್ನೂ ಒಂದೇ ಚೀಲದಲ್ಲಿ ಇಡಬಾರದು, ಮುದುಕರನ್ನು ಮೊದಲು ಕೂರಿಸಬೇಕು, ಯಾರಾದರೂ ಸಿಟ್ಟಾದರೆ ಮೊದಲು ಕಾಫಿ ಕುಡಿಸಬೇಕು. ಬೊಂಬಾಯಿ ರೈಲು ಹೊರಡುವಾಗ ಸಿಟಿ ಸ್ಟೇಷನ್ನಿಗೆ ಬಂದು ಪ್ಲಾಟ್‌ಫಾರ್ಮಿನ ಕೊನೆಯವರೆಗೂ ಕೈ ಬೀಸುತ್ತ ನಡೆದರು.

ನೈರೋಬಿಯಲ್ಲಿ ಇಳಿದಾಗ ಪಂಕಜಾಳಿಗೆ ಮೊದಲು ಹೊಳೆದದ್ದು ಅಲ್ಲಿಯ ಗಾಳಿ ಜಯನಗರದ ಬೆಳಗಿನ ಗಾಳಿಯ ಹಾಗೇ ತಣ್ಣಗಿದೆ ಎಂಬುದು. ಅತಿಥಿಗೃಹ ಚೊಕ್ಕಟವಾಗಿತ್ತು. ಮರುದಿನ ಬೆಳಿಗ್ಗೆ ಮೇಲ್ಭಾಗ ತೆರೆಯುವ ವ್ಯಾನುಗಳಲ್ಲಿ ಕಾಡಿಗೆ ಹೊರಟರು. ಒಳಗೆ ಹುಲ್ಲಿನ ಬಯಲು. ತಿರುಗಿ ನೋಡಿದರೆ ದೂರದಲ್ಲಿ ಪಟ್ಟಣದ ಎತ್ತರದ ಕಟ್ಟಡಗಳು. ಕಾಡಿನ ಪಕ್ಕದ ಸೈಟಿಗೆ ಇಲ್ಲಿ ಏನು ಬೆಲೆ ಎಂದು ಬೈರಣ್ಣ ಡ್ರೈವರನ್ನು ಸನ್ನೆಯಲ್ಲಿ ಕೇಳಲು ನೋಡಿ ಎಲ್ಲರನ್ನೂ ನಗಿಸಿದ.

ಮುಳ್ಳುಮರಗಳ ಬಳಿ ಜಿರಾಫೆಗಳ ಗುಂಪೊಂದು ಸಿಕ್ಕಿತು. ಅವು ಎಲೆ ತಿನ್ನುತ್ತ ನಿಂತಿದ್ದವು. ಉಳಿದವರು ಸಿಂಹ ನೋಡಲು ಅವಸರಪಟ್ಟರು. ಅವರಿದ್ದ ವ್ಯಾನುಗಳನ್ನು ಮುಂದೆ ಕಳಿಸಿ ಪಂಕಜಾ ಮುನಿವೆಂಕಟಮ್ಮನವರ ಜೊತೆ ಉಳಿದಳು. ಡ್ರೈವರು ಎಂಜಿನ್ನು ಆರಿಸಿದ. ಬಿಸಿಲೇರಿತು, ಜಿರಾಫೆಗಳು ಕದಲಲಿಲ್ಲ. ಇವತ್ತಿಗೆ ಆಗಲಿಕ್ಕಿಲ್ಲ ಎಂದು ಪಂಕಜಾ ಹೇಳಬೇಕೆಂದಿದ್ದಾಗ ಏನನ್ನು ಕಂಡವೋ, ಮೊದಲು ಒಂದು, ಆಮೇಲೆ ಎಲ್ಲವೂ ತಿರುಗಿ ಬಯಲಿನ ಕಡೆ ಹೊರಟವು. ಅಷ್ಟುದ್ದ ಕಾಲು ನಿಧಾನವಾಗಿ ಎತ್ತಿ ಇಟ್ಟಂತೆ ಕಾಣುತ್ತಿತ್ತು. ಕತ್ತು ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು. ಆದರೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಅವು ದೂರವಾಗಿದ್ದವು.

ಮುನಿವೆಂಕಟಮ್ಮ ವ್ಯಾನಿನ ಅಂಚು ಹಿಡಿದು ನಿಂತಿದ್ದರು.

"ಓಡ್ತಿಲ್ಲ ಕಣೇ, ತೇಲ್ತಾ ಐತೆ," ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡು, ಧೂಳು ಎಂದರು. ಪಂಕಜಾ ಹೌದಮ್ಮ ಎಂದಳು.

ಮಧ್ಯಾಹ್ನ ಡ್ರೈವರು ತಾನು ಉಣ್ಣುವ ಹೋಟೆಲಿಗೇ ಎಲ್ಲರನ್ನೂ ಕರೆದೊಯ್ದ. ಉಗಾಲಿ ಬೆಳ್ಳಗಿತ್ತು, ಸ್ವಲ್ಪ ಸಪ್ಪೆ. ನಾದಿನಿಯವರು ಉಂಡೆ ಮಾಡಿ ಸೊಪ್ಪಿನಲ್ಲಿ ಅದ್ದಿ ನುಂಗಿದ್ದನ್ನು ಕಂಡು ಹೋಟೆಲಿನ ಹೆಂಗಸು ಇನ್ನೊಂದು ದೊಡ್ಡ ತುಂಡು ತಂದು ತಟ್ಟೆಗೆ ಹಾಕಿದಳು, ದುಡ್ಡು ಬೇಡವೆಂದಳು. ಮೊಂಬಾಸಾಕ್ಕೆ ರೈಲಿನಲ್ಲಿ ಹೋಗಿ ಸಮುದ್ರದಲ್ಲಿ ಮಿಂದು, ಎಳನೀರು ಕುಡಿದು, ಯಾರೂ ಕಳೆದುಹೋಗದೆ, ಯಾರಿಗೂ ಜ್ವರ ಬರದೆ ಎಲ್ಲರೂ ಹಿಂತಿರುಗಿದರು.

ಆಫೀಸಿಗೆ ಬಂದ ದಿನ ಶಾಮಣ್ಣನವರು ಬಾಗಿಲಿಗೆ ಅರ್ಧ ಷಟರು ಎಳೆದು, ಕುರ್ಚಿ ಹಾಕಿ, ಮೊದಲಿಂದ ಹೇಳು ಎಂದರು. ಅವಳು ಹೇಳುತ್ತ ಹೋದಳು. ಅವರು ನಡುನಡುವೆ ಕಾಫಿ ತರಿಸಿದರು. ಎಲ್ಲ ಮುಗಿದಮೇಲೆ, ಆ ಮಾರಾ ಅಲ್ಲಿಂದ ಎಷ್ಟು ದೂರ ಎಂದು ಕೇಳಿದರು.

"ಅರ್ಧ ದಿನದ ದಾರಿ ಸಾರ್. ಗೇಟಿನ ಹೊರಗೆ ಟೆಂಟುಗಳಿವೆಯಂತೆ, ವಸತಿಗೃಹಕ್ಕಿಂತ ಬಹಳ ಅಗ್ಗ. ನಮ್ಮ ರೇಟಿಗೇ ಆಗತ್ತೆ. ಡ್ರೈವರ್ ಹತ್ರ ಎಲ್ಲ ಕೇಳ್ಕೊಂಡು ಬಂದೆ."

ಶಾಮಣ್ಣನವರು ಕನ್ನಡಕ ತೆಗೆದು ಒರೆಸಿಕೊಂಡರು. ಆವತ್ತೇ ಹೊಸ ಕರಪತ್ರ ಟೈಪಾಯಿತು. ಫೆಬ್ರವರಿಯಲ್ಲಿ ಎರಡನೆಯ ತಂಡ ಹೊರಟಿತು. ಜೊತೆಗೆ ಹೋದವರು ಶಾಮಣ್ಣ. ಅವರು ಬರುವವರೆಗೆ ಆಫೀಸಿನ ಬೀಗದ ಕೈ ಪಂಕಜಾಳ ಹತ್ತಿರವಿತ್ತು, ಕಾಶ್ಮೀರಕ್ಕೆ ಹೋಗುವವರು ಬಂದು ಕೇಳುತ್ತಲೇ ಇದ್ದರು.