ನೀರೊಳಗಿನ ಒಂಬತ್ತು ಕಂಬ

ದೊಡ್ಡಪ್ಪನ ಬಳಿ ಇದ್ದದ್ದು ಎರಡು ಕೆಟ್ಟ ಮೊಣಕಾಲು, ಬಾಗಿಲು ಮುಚ್ಚಿದ ಒಂದು ಪಬ್ಬು, ಮತ್ತು ಒಂದೇ ಒಂದು ಮಾತು. ಆ ಮಾತು ‘ಬೇಡ’.

ಪುಟ್ಟಿ ಬಂದ ಮೊದಲ ದಿನವೇ ಅದನ್ನು ಏಳು ಸಲ ಕೇಳಿದಳು. ಪುಟ್ಟಿ ಎಂದರೆ ಪುಟ್ಟ ಹುಡುಗಿಯೇನಲ್ಲ. ವಯಸ್ಸು ನಲವತ್ತೆರಡು, ಪಟ್ಟಣದ ದೊಡ್ಡ ಹೋಟೆಲೊಂದರ ಊಟದ ವಿಭಾಗವನ್ನು ಹದಿನೆಂಟು ವರ್ಷ ನಡೆಸಿದವಳು, ಇಪ್ಪತ್ತು ಜನ ಸರ್ವರುಗಳನ್ನು ಕಣ್ಸನ್ನೆಯಲ್ಲೇ ಓಡಾಡಿಸಿದವಳು. ಆದರೆ ತಮ್ಮನ ಮಗಳಿಗೆ ತೊಟ್ಟಿಲಲ್ಲಿದ್ದಾಗ ಕೊಟ್ಟ ಹೆಸರನ್ನು ಈಗ ಬದಲಾಯಿಸುವವರ ಪೈಕಿಯಲ್ಲ ದೊಡ್ಡಪ್ಪ. ಬದಲಾಯಿಸುವುದು ಎನ್ನುವ ವಿಷಯವೇ ಅವರಿಗೆ ಆಗಿಬರುತ್ತಿರಲಿಲ್ಲ.

ಪಬ್ಬು ಇದ್ದದ್ದು ನೀರಿನ ಅಂಚಿನಲ್ಲಿ. ಹೊಳೆ ಅಲ್ಲಿಗೆ ಬಂದು ಅಗಲವಾಗಿ, ಅವಸರ ಬಿಟ್ಟು, ಕೆರೆಯ ಹಾಗೆ ನಿಂತುಬಿಡುತ್ತದೆ. ರಜೆ ಶುರುವಾದರೆ ಮೂರು ತಿಂಗಳು ಬಾಡಿಗೆ ದೋಣಿ ಹಿಡಿದು ಬರುವವರದ್ದೇ ಕಾರುಬಾರು. ಉಳಿದ ಒಂಬತ್ತು ತಿಂಗಳು ಊರು ಆಕಳಿಸುತ್ತಾ ಕೂತಿರುತ್ತದೆ. ಮೂರು ವರ್ಷದ ಹಿಂದೆ ದೊಡ್ಡಮ್ಮ ತೀರಿಕೊಂಡರು, ಬೆನ್ನಿಗೇ ದೊಡ್ಡಪ್ಪನ ಮೊಣಕಾಲು ಕೈಕೊಟ್ಟಿತು, ಪಬ್ಬಿಗೆ ಬೀಗ ಬಿತ್ತು. ಬೀಗ ಬಿದ್ದ ಮನೆಗೆ ಇಲಿಯೇ ಯಜಮಾನ ಎನ್ನುವಂತೆ ಕುರ್ಚಿಯ ಮೆತ್ತೆಯಿಂದ ಹಿಡಿದು ಮೆನು ಕಾರ್ಡಿನವರೆಗೆ ಎಲ್ಲವೂ ಇಲಿಯ ಹೊಟ್ಟೆ ಸೇರಿತು. ಕೌಂಟರಿನ ಮರ ಉಬ್ಬಿ, ಬಿಯರ್ ನಲ್ಲಿಗಳು ಪಾಚಿಗಟ್ಟಿ, ನೀರಿನ ಕಡೆಗೆ ಚಾಚಿದ ಜಗಲಿಯ ಹಲಗೆಯ ಸಂದಿಯಲ್ಲಿ ಹುಲ್ಲು ಬೆಳೆಯಿತು.

ಪಕ್ಕದಲ್ಲಿ ದೋಣಿ ರಿಪೇರಿ ಶೆಡ್ಡು ಇಟ್ಟವನೊಬ್ಬನಿದ್ದ. ಊರವರ ಬಾಯಲ್ಲಿ ಅವನು ಶೆಡ್ಡಣ್ಣ. ಪಬ್ಬನ್ನು ಕೊಂಡು, ಗೋಡೆ ಒಡೆದು, ಇನ್ನೊಂದು ಶೆಡ್ಡು ಮಾಡಬೇಕೆಂದು ಅವನು ಎರಡು ವರ್ಷದಿಂದ ದೊಡ್ಡಪ್ಪನ ಬೆನ್ನು ಹತ್ತಿದ್ದ. ದೊಡ್ಡಪ್ಪ ಅವನಿಗೆ ‘ಆಯ್ತು’ ಎನ್ನುವ ಹೊತ್ತಿಗೆ ಸರಿಯಾಗಿ ಪುಟ್ಟಿ ಕೆಲಸ ಬಿಟ್ಟು, ಎರಡು ಪೆಟ್ಟಿಗೆ ಹಿಡಿದು, ಬಸ್ಸಿಳಿದು ಬಂದಿದ್ದಳು. ಒಂದು ವಾರ ವಾದ ನಡೆದ ಮೇಲೆ ದೊಡ್ಡಪ್ಪ ಒಂದು ಷರತ್ತು ಹಾಕಿದರು.

“ರಜೆಯ ಮೊದಲನೇ ಭಾನುವಾರ ಜಗಲಿಯ ಹನ್ನೆರಡು ಮೇಜೂ ತುಂಬಬೇಕು. ತುಂಬಿದ್ರೆ ಪಬ್ಬು ನಿಂದು. ಇಲ್ದಿದ್ರೆ ಸೋಮವಾರ ಬೆಳಿಗ್ಗೆ ಶೆಡ್ಡಣ್ಣನ ಕಾಗದಕ್ಕೆ ಸಹಿ ಹಾಕ್ತೀನಿ. ನನ್ನ ಕಾಲು ಇನ್ನು ಕಾಯಲ್ಲ.”

ಸರಿ, ಪುಟ್ಟಿ ಸೆರಗು ಕಟ್ಟಿ ನಿಂತಳು. ಅಂದಿನಿಂದ ಶುರುವಾಯಿತು ನೋಡಿ.

“ಕರ್ಟನ್ ಬದಲಾಯಿಸೋಣ ದೊಡ್ಡಪ್ಪ, ಇಲಿ ತಿಂದಿದೆ.”

“ಬೇಡ.”

“ಗೋಡೆಗೆ ಬಿಳಿ ಬಣ್ಣ ಹೊಡೆಸೋಣ.”

“ಬೇಡ.”

“ಈ ಕುರ್ಚಿ ಮೇಲೆ ಕೂತ್ರೆ ಕಾಲು ಮುರೀತದೆ.”

“ನನ್ನ ಕಾಲು ಮುರಿದಿಲ್ವಲ್ಲ. ಬೇಡ.”

ಕಿಟಕಿಯ ಪಕ್ಕ ಪೇಪರು ಹಿಡಿದು ಕೂತು, ತಲೆ ಎತ್ತದೆ, ದನಿ ಏರಿಸದೆ, ಇಳಿಸದೆ, ಒಂದೇ ಸಮ ‘ಬೇಡ’. ಅವರು ಜಗಳವನ್ನಾದರೂ ಆಡಿದ್ದರೆ ಪುಟ್ಟಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಕಾರಣ ಕೇಳಿದರೆ “ಬೇಡ ಅಂದ್ರೆ ಬೇಡ.” ಅಲ್ಲಿಗೆ ಮುಗಿಯಿತು. ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಮೊದಲ ತಿಂಗಳು ವಾದ ಮಾಡಿದಳು, ಎರಡನೇ ತಿಂಗಳು ಬೇಡಿಕೊಂಡಳು, ಮೂರನೇ ತಿಂಗಳಿಗೆ ಕೇಳುವುದನ್ನೇ ಬಿಟ್ಟಳು. ಗೋಡೆಯ ಗಡಿಯಾರ ಗಂಟೆ ಹೊಡೆದರೆ ಅದರ ಜೊತೆ ಯಾರಾದರೂ ವಾದಕ್ಕಿಳಿಯುತ್ತಾರೆಯೇ? ಹಾಗೆ. ಅವರು ‘ಬೇಡ’ ಅನ್ನುತ್ತಲೇ ಇದ್ದರು, ಇವಳು ಮಾಡಿಸುತ್ತಲೇ ಹೋದಳು. ಕರ್ಟನ್ ಬಂತು, ಬಣ್ಣ ಬಂತು, ನೀಲಿ ಮೇಜು ನೀಲಿ ಕುರ್ಚಿ ಬಂದವು. ಪಾಪದ ಮನುಷ್ಯ, ಕೊನೆಗೆ ಹೊಸ ಕುರ್ಚಿಯ ಮೇಲೇ ಕೂತು ‘ಬೇಡ’ ಅನ್ನತೊಡಗಿದರು.

ಹಾಗೇ ಒಂದು ದಿನ ಕಂಬಗಳ ಸರದಿ ಬಂತು. ಜಗಲಿಯ ಎದುರಿಗೆ, ನೀರಿನೊಳಗೆ, ಒಂಬತ್ತು ದಪ್ಪ ಕಂಬಗಳು ಸಾಲಾಗಿ ನಿಂತಿದ್ದವು. ಮೈಗೆಲ್ಲ ಡಾಂಬರು ಬಳಿದ ಕರಿ ಕಂಬಗಳು, ತಲೆಯ ಮೇಲೆ ಹಕ್ಕಿಗಳ ಹಿಕ್ಕೆ. ಪುಟ್ಟಿ ಹೊಸ ಕುರ್ಚಿಗಳ ಮೇಲೆ ಒಂದೊಂದಾಗಿ ಕೂತು ನೋಡಿದಳು; ಯಾವ ಕುರ್ಚಿಯಲ್ಲಿ ಕೂತರೂ ನೀರು ಕಾಣುವ ಮೊದಲು ಕಂಬವೇ ಕಣ್ಣಿಗೆ ಹೊಡೆಯುತ್ತಿತ್ತು. ಯಾವುದೋ ಹಳೆಯ ಕಟ್ಟಡ ಬಿದ್ದು ಹೋಗಿ ಉಳಿದ ಬುಡಗಳಿರಬೇಕು ಅಂದುಕೊಂಡಳು. ಅವಳು ಬಂದದ್ದು ಚಳಿಗಾಲದಲ್ಲಿ, ಆಗ ನೀರಿನ ಮೇಲೆ ಒಂದು ದೋಣಿಯೂ ಇರಲಿಲ್ಲ. ಚಿಕ್ಕಂದಿನಲ್ಲಿ ಬಂದದ್ದೂ ಬಸ್ಸಿನಲ್ಲೇ, ಹೋದದ್ದೂ ಬಸ್ಸಿನಲ್ಲೇ. ದೋಣಿ ಹತ್ತಿದರೆ ಅವಳಿಗೆ ತಲೆ ಸುತ್ತುತ್ತದೆ. ಗಿರಾಕಿ ಎಲ್ಲಿ ಕೂರುತ್ತಾನೆ ಎಂಬುದನ್ನು ಅವಳಷ್ಟು ಚೆನ್ನಾಗಿ ಬಲ್ಲವರಿಲ್ಲ. ಅವನು ಎಲ್ಲಿಂದ ಬರುತ್ತಾನೆ ಎಂದು ಮಾತ್ರ ಅವಳು ಒಂದು ಸಲವೂ ಯೋಚಿಸಲಿಲ್ಲ.

“ಆ ಕಂಬ ಕೀಳಿಸ್ತೀನಿ ದೊಡ್ಡಪ್ಪ.”

“ಬೇಡ.”

ಗಡಿಯಾರ ಗಂಟೆ ಹೊಡೆಯಿತು, ಅಷ್ಟೇ. ಪುಟ್ಟಿ ಆಗಲೇ ಶೆಡ್ಡಣ್ಣನ ಅಂಗಳಕ್ಕೆ ಹೊರಟಿದ್ದಳು. ಅವನ ಬಳಿ ದೋಣಿ ಎತ್ತುವ ಕ್ರೇನಿತ್ತು.

“ಅಯ್ಯೋ, ಅದಕ್ಕೇನು ಮೇಡಂ, ಬಿಟ್ಟಿಯಾಗೇ ಕಿತ್ತು ಕೊಡ್ತೀನಿ” ಅಂದ ಅವನು, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವನ ಹಾಗೆ.

ಬಿಟ್ಟಿ ಅಂದರೆ ಯಾರಿಗೆ ತಾನೇ ಬೇಡ? ಒಂದೇ ಮಧ್ಯಾಹ್ನದಲ್ಲಿ ಒಂಬತ್ತು ಕಂಬಗಳೂ ಹಲ್ಲು ಕಿತ್ತ ಹಾಗೆ ಮೇಲೆ ಬಂದವು. ಶೆಡ್ಡಿನ ಹಿಂದೆ ಅವನ್ನು ಪೇರಿಸಿಟ್ಟ. ಪುಟ್ಟಿ ಜಗಲಿಯ ಅಂಚಿಗೆ ತೆಳ್ಳನೆಯ ಬಿಳಿ ರೇಲಿಂಗು ಹಾಕಿಸಿ, ಅದಕ್ಕೆ ಹೂವಿನ ಕುಂಡ ನೇತುಹಾಕಿದಳು. ಆಹಾ, ಈಗ ನೀರು ಕಂಡಿತು! ಅವಳಿಗೆ ಆ ದಿನ ಎಷ್ಟು ಸಂತೋಷವಾಯಿತೆಂದರೆ ದೊಡ್ಡಪ್ಪನ ಕಾಫಿಗೆ ಸಕ್ಕರೆ ಎರಡು ಸಲ ಹಾಕಿದಳು.

ಕಾದಿದ್ದ ಭಾನುವಾರ ಬಂತು. ಆಕಾಶ ತೊಳೆದಿಟ್ಟಂತಿತ್ತು. ಅಡಿಗೆಯಕ್ಕ, ಅಂದರೆ ದೊಡ್ಡಮ್ಮನ ಕಾಲದಿಂದ ಇಲ್ಲೇ ಒಲೆಯ ಮುಂದೆ ನಿಂತು ಈಗ ಮತ್ತೆ ಬಂದು ಸೇರಿಕೊಂಡಾಕೆ, ಬೆಳಿಗ್ಗೆ ಆರಕ್ಕೇ ಮೀನು ತೊಳೆದು, ದೊಡ್ಡ ಪಾತ್ರೆಯಲ್ಲಿ ಸೂಪು ಏರಿಸಿದ್ದಳು. ಹನ್ನೆರಡು ಮೇಜಿನ ಮೇಲೂ ಗಾಜಿನ ಲೋಟಗಳು ಹೊಳೆಯುತ್ತಿದ್ದವು. ದೊಡ್ಡಪ್ಪ ಮೂಲೆಯ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು.

ಹನ್ನೊಂದೂವರೆಗೆ ಮೊದಲ ದೋಣಿ ತಿರುವಿನಲ್ಲಿ ಕಾಣಿಸಿತು. ದೋಣಿ ನಿಧಾನವಾಗಿ ಬಂದು ಜಗಲಿಯ ಪಕ್ಕ ನಿಂತಿತು. ಟೋಪಿಯ ಗಂಡಸೊಬ್ಬ ಆಚೆ ಈಚೆ ನೋಡಿ, ಏನೂ ಕಾಣದೆ, ಹಗ್ಗವನ್ನು ಹೊಸ ರೇಲಿಂಗಿಗೆ ಸುತ್ತಿದ. ಅಷ್ಟರಲ್ಲಿ ಇನ್ನೊಂದು ದೋಣಿ ಪಕ್ಕದಲ್ಲಿ ಹಾದುಹೋಯಿತು, ಅಲೆ ಎದ್ದಿತು, ದೋಣಿ ಹಿಂದಕ್ಕೆ ಜಗ್ಗಿತು. ಬಿಳಿ ರೇಲಿಂಗು ಕರಕರ ಎಂದು ಹಲಗೆಯಿಂದ ಕಿತ್ತುಬಂದು, ನಾಲ್ಕು ಕುಂಡ ಸಮೇತ ನೀರಿಗೆ ಬಿತ್ತು. ದೋಣಿಯಲ್ಲಿದ್ದ ಹೆಂಗಸರು ಕಿರುಚಿದರು.

“ಸಾರಿ ಮೇಡಂ!” ಅಂದ ಟೋಪಿಯವನು. ಹಗ್ಗ ಬಿಚ್ಚಿಕೊಂಡು, ಬಂದದ್ದಕ್ಕಿಂತ ಬೇಗ ಹೊರಟುಹೋದ.

ಎರಡನೆಯ ದೋಣಿಯವನು ಹತ್ತಿರ ಬಂದು ಕೂಗಿದ. “ಎಲ್ಲಿ ಕಟ್ಟೋದು ಮೇಡಂ?”

“ಏನು ಕಟ್ಟೋದು?”

“ಬೋಟು ಮೇಡಂ, ಬೋಟು! ಇಲ್ಲಿ ಕಂಬ ಇತ್ತಲ್ಲ?”

ಪುಟ್ಟಿ ಕಂಬಗಳಿದ್ದ ಜಾಗದ ಕಡೆ ತಿರುಗಿದಳು. ಆ ಕರಿ ಕಂಬಗಳು ಏನೆಂದು ಅವಳಿಗೆ ಈಗ ಹೊಳೆಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಜಗಲಿಯ ಎರಡೂ ಪಕ್ಕ ದಂಡೆಯೆಲ್ಲ ಜೊಂಡು ಮತ್ತು ಕೆಸರು. ಕಟ್ಟುವುದಕ್ಕೆ ಒಂದು ಮರವೂ ಇಲ್ಲ. ಮೂರನೆಯ ದೋಣಿ ಬಂತು, ನಾಲ್ಕನೆಯದು ಬಂತು. ನೀಲಿ ಕುರ್ಚಿಗಳನ್ನು ಬೆರಳು ಮಾಡಿ ತೋರಿಸಿದರು, ಮೀನಿನ ವಾಸನೆಗೆ ಮೂಗರಳಿಸಿದರು, ಪುಟ್ಟಿ ಕೈ ಬೀಸಿದರೆ ತಾವೂ ಕೈ ಬೀಸಿದರು, ಮುಂದೆ ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ತುತ್ತು ಬಾಯಿಯ ಮುಂದೆಯೇ ಹಾದು, ಟಾಟಾ ಹೇಳಿ ಹೋಗುತ್ತಿತ್ತು.

ಅವಳು ಅಡಿಗೆಮನೆಗೆ ನುಗ್ಗಿದಳು. “ಅಕ್ಕಾ, ಆ ಕಂಬ ಬೋಟು ಕಟ್ಟೋಕೆ ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ಊರಿಗೇ ಗೊತ್ತು.”

“ಮತ್ತೆ ಹೇಳಬಾರದಿತ್ತಾ?”

“ಹೊಸದು ಹಾಕಿಸ್ತೀರಿ ಅಂದ್ಕೊಂಡಿದ್ದೆ. ಪಟ್ಟಣದಿಂದ ಬಂದೋರು, ಸ್ಟೀಲಿಂದೋ ಗೀಲಿಂದೋ ತರಿಸ್ತಾರೇನೋ ಅಂತ” ಅಂದು ಅಡಿಗೆಯಕ್ಕ ಸೂಪು ಕದಡಿದಳು.

ಪುಟ್ಟಿ ಹೊರಗೆ ಬಂದು ಮೂಲೆಯ ಕುರ್ಚಿಯ ಮುಂದೆ ನಿಂತಳು.

“ದೊಡ್ಡಪ್ಪ, ನೀವಾದ್ರೂ ಹೇಳಬಾರದಿತ್ತಾ?”

“ಹೇಳಿದೆನಲ್ಲ. ಬೇಡ ಅಂದೆ.”

“ನೀವು ಎಲ್ಲದಕ್ಕೂ ಬೇಡ ಅಂತೀರಿ!”

“ಇದಕ್ಕೂ ಅಂದೆ.”

“ಕರ್ಟನ್‌ಗೆ ಅಂದ ಹಾಗೇ ಇದಕ್ಕೂ ಅಂದ್ರೆ ನನಗೆ ಹೇಗೆ ಗೊತ್ತಾಗಬೇಕು? ಇನ್ನೊಂದು ಸಲ ಹೇಳೋಕೆ ಏನಾಗಿತ್ತು?”

“ಹೇಳಿದ್ದನ್ನೇ ಹೇಳ್ತಾ ಇರೋಕೆ ನಾನೇನು ರೇಡಿಯೋನಾ?” ಅಂದರು ದೊಡ್ಡಪ್ಪ. ಪುಟ ತಿರುವಿದರು.

ಪುಟ್ಟಿಗೆ ಆ ಪೇಪರನ್ನು ಕಿತ್ತು ನೀರಿಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಹತ್ತಿರದ ಕುರ್ಚಿಯ ಮೇಲೆ ಧೊಪ್ಪನೆ ಕೂತಳು.

“ನಾಳೆ ಸಹಿ ಹಾಕಿಬಿಡಿ” ಅಂದಳು. “ಸಾಕಾಯ್ತು ನನಗೆ. ಹದಿನೆಂಟು ವರ್ಷ ಬೇರೆಯವರ ಮೇಜು ನೋಡ್ಕೊಂಡೆ ದೊಡ್ಡಪ್ಪ. ಬೆಳಿಗ್ಗೆ ಒರೆಸುವಾಗ, ಇದು ನಂದು ಅಂತ ಒಂದು ಮೇಜನ್ನಾದ್ರೂ ಒರೆಸ್ಬೇಕು ಅಂತಿತ್ತು. ಅಷ್ಟೇ ಇದ್ದದ್ದು ಆಸೆ.”

ಅವಳು ಅಳುತ್ತಿದ್ದಳು. ಹೋಟೆಲಿನಲ್ಲಿ ಒಂದು ದಿನವೂ ಯಾರ ಎದುರಿಗೂ ಅತ್ತವಳಲ್ಲ.

ದೊಡ್ಡಪ್ಪ ಪೇಪರು ಮಡಚಿದರು. ಕನ್ನಡಕ ತೆಗೆದು ಅದರ ಮೇಲಿಟ್ಟರು. ಚಪ್ಪಲಿ ಬಿಟ್ಟು, ಗೋಡೆ ಹಿಡಿದುಕೊಂಡು ಎದ್ದು, ಜಗಲಿಯಿಂದ ನೀರಿಗಿಳಿಯುವ ಕಲ್ಲು ಮೆಟ್ಟಿಲಿನ ಕಡೆಗೆ ನಡೆದರು. ಒಂದು ಮೆಟ್ಟಿಲು ಇಳಿದರು. ಎರಡು. ಮೂರನೆಯದರಲ್ಲಿ ಪ್ಯಾಂಟು ತೊಡೆಯವರೆಗೆ ನೆನೆಯಿತು.

“ದೊಡ್ಡಪ್ಪ! ಏನ್ಮಾಡ್ತಿದ್ದೀರಿ? ಬೇಡ! ನಿಮ್ಮ ಕಾಲು! ಬೇಡ ಅಂದ್ರೆ ಬೇಡ!”

ಅವರು ತಿರುಗಿ ನೋಡಿದರು. “ಬೇಡ ಅನ್ನೋದು ನನ್ನ ಕೆಲಸ. ನೀನು ಹೋಗಿ ಆರ್ಡರ್ ತಗೋ” ಅಂದರು. ಆಮೇಲೆ ನೀರಿನ ಕಡೆಗೆ ಮುಖ ಮಾಡಿ, ಆ ಸಣಕಲು ಎದೆಯಲ್ಲಿ ಇಷ್ಟು ದನಿ ಎಲ್ಲಿತ್ತೋ, ಒಂದು ಕೂಗು ಹಾಕಿದರು. “ಏಯ್, ಹಗ್ಗ ಎಸೀರಿ ಇಲ್ಲಿ!”

ತಿರುವು ದಾಟುತ್ತಿದ್ದ ದೋಣಿ ನಿಂತಿತು. ಹಿಂದಕ್ಕೆ ಬಂತು. ಹಗ್ಗ ಹಾರಿ ಬಂದು ಅವರ ಕೈಗೆ ಬಿತ್ತು. ದೊಡ್ಡಪ್ಪ ಅದನ್ನು ಮೊಣಕೈಗೆ ಎರಡು ಸುತ್ತು ಸುತ್ತಿ, ಕಲ್ಲಿಗೆ ಬೆನ್ನು ಕೊಟ್ಟು ನಿಂತರು. ಎರಡನೆಯ ದೋಣಿಯ ಹಗ್ಗ ಇನ್ನೊಂದು ಕೈಗೆ. ಮೂರನೆಯದು ಬಂದಾಗ ಗದರಿದರು. “ನನಗೆ ಎರಡೇ ಕೈ ಇರೋದು. ಪಕ್ಕದ ಬೋಟಿಗೆ ಕಟ್ಟಿ, ದಾಟ್ಕೊಂಡು ಬನ್ನಿ!” ಹಾಗೆ ದೋಣಿಗೆ ದೋಣಿ ಕಟ್ಟುತ್ತಾ ಹೋಯಿತು. ಜನ ಒಂದರಿಂದ ಇನ್ನೊಂದಕ್ಕೆ ಕಾಲಿಟ್ಟು, ನಗುತ್ತಾ, ಮುದುಕನ ಭುಜ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

ಪುಟ್ಟಿ ಕಣ್ಣೊರೆಸಿಕೊಂಡು ಓಡಿದಳು. ಸೂಪು, ಮೀನು, ಬಿಯರು, ಮತ್ತೆ ಮೀನು. ನಡುನಡುವೆ ಮೆಟ್ಟಿಲ ಬಳಿ ಬಂದು ಬೈದಳು. “ಮೇಲೆ ಬನ್ನಿ ದೊಡ್ಡಪ್ಪ, ನೀರು ತಣ್ಣಗಿದೆ.” ಅವರು ಕಿವುಡರಾಗಿಬಿಟ್ಟಿದ್ದರು. ಅವರ ತುಟಿ ನೀಲಿಯಾಗಿತ್ತು, ಕಣ್ಣು ಮಾತ್ರ ಮಿನುಗುತ್ತಿತ್ತು. ಮೂರು ವರ್ಷದಲ್ಲಿ ಆ ಮುಖವನ್ನು ಹಾಗೆ ಯಾರೂ ಕಂಡಿರಲಿಲ್ಲ ಎಂದು ಅಡಿಗೆಯಕ್ಕ ಆಮೇಲೆ ಹೇಳಿದಳು.

ಎರಡು ಗಂಟೆಯ ಹೊತ್ತಿಗೆ ಶೆಡ್ಡಣ್ಣ ಬಂದ. ಜಗಲಿಯನ್ನು ಒಂದು ಸುತ್ತು ನೋಡಿ, ಬೆರಳು ಮಡಚಿ ಎಣಿಸಿದ.

“ಎರಡು ಮೇಜು ಖಾಲಿ ಇದೆ ಯಜಮಾನ್ರೇ.”

ಪುಟ್ಟಿ ತಟ್ಟೆ ಹಿಡಿದವಳು ಅಲ್ಲೇ ನಿಂತಳು. ನಿಜವಾಗಿಯೂ ಎರಡು ಖಾಲಿ ಇದ್ದವು. ಹತ್ತು ತುಂಬಿತ್ತು, ಹನ್ನೆರಡಲ್ಲ. ಮಾತು ಮಾತೇ.

“ಆ ಕಂಬ ಏನಕ್ಕೆ ಅಂತ ನಿನಗೆ ಗೊತ್ತಿರಲಿಲ್ವೇನೋ?” ಅಂದರು ದೊಡ್ಡಪ್ಪ ನೀರಿನಿಂದಲೇ.

“ಕೇಳಿದ್ರು, ಕಿತ್ತೆ” ಅಂದ ಶೆಡ್ಡಣ್ಣ, ನೆಲ ನೋಡುತ್ತಾ.

“ಹಾಗಾದ್ರೆ ಈಗ ನಾನು ಕೇಳ್ತಿದ್ದೀನಿ. ನಾಳೆ ಕ್ರೇನ್ ತಂದು ಒಂಬತ್ತನ್ನೂ ಇದ್ದ ಜಾಗದಲ್ಲೇ ನೆಡು. ಬಿಟ್ಟಿಯಾಗಿ.”

ಶೆಡ್ಡಣ್ಣ ತಲೆ ಕೆರೆದುಕೊಂಡ. “ಅದು ಸರಿ ಯಜಮಾನ್ರೇ. ಮತ್ತೆ ಆ ಕಾಗದ? ಬೆಳಿಗ್ಗೆ ತಗೊಂಡು ಬರ್ಲಾ?”

ದೊಡ್ಡಪ್ಪ ಎರಡೂ ಕೈಯ ಹಗ್ಗವನ್ನು ಬಿಗಿಯಾಗಿ ಎಳೆದುಕೊಂಡರು. ಅವನ ಕಡೆ ತಿರುಗಲೂ ಇಲ್ಲ.

“ಬೇಡ” ಅಂದರು.

ದನಿ ಏರಲಿಲ್ಲ, ಇಳಿಯಲಿಲ್ಲ. ಕರ್ಟನ್ನಿಗೆ ಅಂದ ಹಾಗೆಯೇ ಅಂದರು. ಈ ಸಲ ಪುಟ್ಟಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಅವಳು ತಟ್ಟೆಯನ್ನು ಏಳನೇ ಮೇಜಿಗೆ ಕೊಟ್ಟು, ಬಟ್ಟೆ ಕೈಗೆತ್ತಿಕೊಂಡು, ಖಾಲಿ ಇದ್ದ ಎರಡು ಮೇಜುಗಳನ್ನು ಒರೆಸತೊಡಗಿದಳು.