ಕೊಡೆ ಹಿಡಿದರೆ ಕೂಗುವ ಹಾರ್ನ್

1959ನೇ ಇಸವಿ ನವೆಂಬರ್ 21, ಶನಿವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ ಚಂದಯ್ಯ ಹೆಗ್ಡೆಯವರ ಕರಿ ಆಸ್ಟಿನ್ ಕಾರು ಕುಂದಾಪುರ ದಾಟಿ, ಬೈಂದೂರಿನ ದಾರಿಯ ದೋಣಿ ಕಡವಿಗೆ ಬಂದು ನಿಂತಿತು. ಡ್ರೈವರ್ ಗಣಪ ಸ್ಟಿಯರಿಂಗಿನ ನಡುವಿನ ಗುಂಡಿ ಒತ್ತಿದ. ಶಬ್ದವಿಲ್ಲ. ಮತ್ತೆ ಒತ್ತಿದ. ದಡದ ಕೊಕ್ಕರೆ ಕೂಡ ತಲೆಯೆತ್ತಲಿಲ್ಲ.

ಗಣಪನ ಪಕ್ಕದಲ್ಲಿ ಕುಳಿತಿದ್ದ ಪ್ರೇಮಾನಂದ ಮಾಷ್ಟ್ರು ಕಿಸೆಯಲ್ಲಿದ್ದ ಅರ್ಜಿಯನ್ನು ಮುಟ್ಟಿ ನೋಡಿಕೊಂಡರು. ಬಿ.ಎಸ್ಸಿ. ಮಾಡಿ ಬ್ರಹ್ಮಾವರದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರು ಮೂರು ವರ್ಷದಿಂದ ತಾತ್ಕಾಲಿಕ ಮಾಷ್ಟ್ರು. ಖಾಯಂ ಆಗಲು ಶಾಲೆಯ ಸಂಚಾಲಕರಾದ ಹೆಗ್ಡೆಯವರ ಒಂದು ರುಜು ಸಾಕಿತ್ತು. ಕೇಳಲು ಹೋದಾಗಲೆಲ್ಲ ಹೆಗ್ಡೆಯವರಿಗೆ ಪೆನ್ನು ಸಿಗುತ್ತಿರಲಿಲ್ಲ. ನಿನ್ನೆ ಮಾತ್ರ, “ನಾಳೆ ಬೈಂದೂರಿಗೆ ಹೋಪ, ಬನ್ನಿ. ದಾರಿ ಮೇಲೆ ಮಾತಾಡ್ವ” ಎಂದಿದ್ದರು. ದಾರಿ ಇಲ್ಲಿಗೇ ಮುಗಿಯುವ ಹಾಗೆ ಕಾಣುತ್ತಿತ್ತು.

ಆ ಕಡವಿನಲ್ಲಿ ಒಂದು ಪದ್ಧತಿಯಿತ್ತು. ಈಚೆ ದಡದಿಂದ ಯಾರಾದರೂ ‘ಹ್ವಾಯ್’ ಎಂದು ಕೂಗಿದರೆ ಆಚೆಯಿಂದ ಸಣ್ಣ ದೋಣಿ ಬರುತ್ತಿತ್ತು. ಹಾರ್ನ್ ಕೇಳಿದರೆ ಮಾತ್ರ ಕಾರು ದಾಟಿಸಲು ಎರಡು ದೋಣಿಗೆ ಹಲಗೆ ಹಾಸಿದ ಜಂಗಲ್ ಬರುತ್ತಿತ್ತು. ಅದಕ್ಕೆ ನಾಲ್ಕು ಜನ ಬೇಕು. ಆ ನಾಲ್ವರು ಹಾರ್ನ್ ಕೇಳದೆ ಚಾಪೆ ಬಿಟ್ಟು ಏಳುವವರಲ್ಲ.

ಮೀನಿನ ಬುಟ್ಟಿ ಇಳಿಸಿ ಕುಳಿತಿದ್ದ ಗುಲಾಬಿ ಕಾರಿನ ಕಡೆ ನೋಡಿದಳು. “ಕಾರಿಗೆ ಗಂಟ್ಲ್ ಕಟ್ಟಿತಾ ಎಂತ? ಹೆಗ್ಡ್ರೆ, ನಿಮ್ ಹೆಸ್ರಲ್ಲೂ ನಾನೇ ಒಂದ್ ಕೂಗ್ ಹಾಕುದಾ?”

ಹಿಂದಿನ ಸೀಟಿನ ಹೆಗ್ಡೆಯವರು ಕಬ್ಬಿಣದ ಕೋಲಿನ ಕೊಡೆಯ ಮೇಲೆ ಗದ್ದ ಊರಿ ಮುಖವನ್ನು ತೆಂಗಿನ ಮರಗಳ ಕಡೆ ತಿರುಗಿಸಿದರು. ಗಣಪ ಬಾಯಿ ತೆರೆಯುವ ಮೊದಲೇ, “ಕೂಗ್ಬೇಡ. ಕಾರಿದ್ದವ ಕೂಗುದಾದ್ರೆ ಕಾರ್ ಎಂತಕೆ?” ಎಂದರು.

ಗುಲಾಬಿ ಕೂಗಿದಳು. ದೋಣಿಯವ ಸೂರ ಆಚೆಯಿಂದ ಸಣ್ಣ ದೋಣಿ ತಂದ. ಹಾಗೇ ಹಿಂದೆ ಹೋಗಿ ಜಂಗಲ್ ಕಳಿಸು ಎಂದು ಮಾಷ್ಟ್ರು ಮೆತ್ತಗೆ ಹೇಳಿದರು.

“ಬಾಯಲ್ ಹೇಳ್ರೆ ಅವ್ರ್ ಏಳುದಿಲ್ಲ ಮಾಷ್ಟ್ರೆ,” ಎಂದ ಸೂರ. “ಹೋದ್ ವಾರ ಕಾರ್ ಬಂತ್ ಅಂದ್ ಸುಳ್ಳೇ ಏಳ್ಸಿದ್ದೆ. ಈಗ ನಾನ್ ಎಂತ ಹೇಳ್ರೂ ನಂಬುದಿಲ್ಲ.” ಅವನು ಗುಲಾಬಿಯನ್ನೂ ಬುಟ್ಟಿಯನ್ನೂ ಹತ್ತಿಸಿಕೊಂಡು ಹೊರಟುಹೋದ.

ಮಾಷ್ಟ್ರು ತೋಳು ಮಡಚಿದರು. ಕಾಲು ಗಂಟೆಯಷ್ಟು ಹೊತ್ತು ಬ್ಯಾಟರಿಯ ಬಗ್ಗೆ, ಉಪ್ಪುಗಾಳಿಯ ಬಗ್ಗೆ, ತೇವಾಂಶದಿಂದ ಲೋಹಕ್ಕಾಗುವ ಹಾನಿಯ ಬಗ್ಗೆ ವಿವರಿಸಿದರು. ಹೆಗ್ಡೆಯವರು ತಲೆದೂಗಿದರು. ಹಾರ್ನ್ ಸುಮ್ಮನಿತ್ತು.

“ನಿನ್ನೆ ಭೋಜನ ಗ್ಯಾರೇಜಂಗೆ ಲಾಯ್ಕ್ ಕೂಗ್ತಿತ್ತಲೆ,” ಎಂದು ಗಣಪ ಗೊಣಗಿದ. ಸ್ಟಿಯರಿಂಗ್ ಗಡಗಡ ಅಲುಗುತ್ತದೆಂದು ಕುಂದಾಪುರದ ಮೆಕ್ಯಾನಿಕ್ ಭೋಜ ಅದನ್ನು ಬಿಚ್ಚಿ, ಅದರ ಕಂಬದ ಕೆಳಗಿನ ಜೋಡಣೆಗೆ ಲಾರಿ ಟೈರಿನ ರಬ್ಬರ್ ಕತ್ತರಿಸಿ ಕೂರಿಸಿದ್ದ. “ನನ್ನೆದ್ರೇ ಒತ್ತಿ ತೋರ್ಸಿದ. ಮತ್ತೆ ಅವ್ನ್ ಸ್ಪಾನರ್ ಇಲ್ಲೇ ಬಿಟ್ಟಿದ್ದ, ಹೆಕ್ಕಿ ಕೊಟ್ಟೆ.”

“ಇಲ್ಲೇ ಅಂದ್ರೆ ಎಲ್ಲಿ?” ಎಂದರು ಮಾಷ್ಟ್ರು.

“ಕಂಬಕ್ಕೆ ಒರಗಿ ನಿಂತಿತ್ತ್.”

ಮಾಷ್ಟ್ರ ಉಪನ್ಯಾಸ ನಿಂತಿತು. ಅವರು ಗಣಪನ ಕಾಲ ಬುಡಕ್ಕೆ ತಲೆ ತೂರಿಸಿದರು. ಗುಂಡಿ ಒತ್ತಿದಾಗ ವಿದ್ಯುತ್ತು ಸ್ಟಿಯರಿಂಗ್ ಕಂಬದ ಮೂಲಕ ಕಾರಿನ ಮೈಗೆ ಇಳಿಯಬೇಕು, ಆಗಲೇ ಹಾರ್ನಿನ ಸುತ್ತು ಪೂರ್ತಿಯಾಗುವುದು. ಭೋಜನ ರಬ್ಬರ್ ಆ ದಾರಿಯನ್ನೇ ಕಡಿದಿತ್ತು. ನಿನ್ನೆ ಕಂಬಕ್ಕೂ ಕಾರಿನ ಮೈಗೂ ತಾಗಿ ನಿಂತ ಸ್ಪಾನರ್ ಸೇತುವೆಯಾಗಿತ್ತು.

“ಹೆಗ್ಡೇರೆ, ನಿಮ್ಮ ಕೊಡೆ ಸ್ವಲ್ಪ ಕೊಡಿ.”

ಕೊಡೆಯ ತುದಿಯನ್ನು ಕಂಬಕ್ಕೂ ಕೋಲನ್ನು ಕಾರಿನ ಕಬ್ಬಿಣಕ್ಕೂ ಒತ್ತಿ ಹಿಡಿದು, “ಈಗ ಒತ್ತು ಗಣಪ” ಎಂದರು. ಹೊಳೆಯಿಡೀ ಮೊಳಗಿತು. ಆಚೆ ದಡದಲ್ಲಿ ನಾಲ್ಕು ತಲೆಗಳು ಎದ್ದವು.

ಮಾಷ್ಟ್ರ ಎಡಗೈ ತಾನಾಗಿ ಕಿಸೆಗೆ ಹೋಯಿತು. ಸೋಮವಾರದ ಪಾಠಕ್ಕೆಂದು ಇಟ್ಟುಕೊಂಡ ತಾಮ್ರದ ತಂತಿಯ ತುಂಡು ಅಲ್ಲಿತ್ತು. ರಬ್ಬರಿನ ಮೇಲಿನ ಕಬ್ಬಿಣದಿಂದ ಕೆಳಗಿನ ಕಬ್ಬಿಣಕ್ಕೆ ಅದನ್ನು ಬಿಗಿದರೆ ಐದು ನಿಮಿಷದ ಕೆಲಸ.

“ಮಾಷ್ಟ್ರೆ, ಹಾಂಗೇ ಇರಿ, ಏಳ್ಬೇಡಿ,” ಹಿಂದಿನಿಂದ ಹೆಗ್ಡೆಯವರ ಧ್ವನಿ ಬಂತು, ಬೆಲ್ಲ ಕರಗಿದ ಹಾಗೆ. “ನಿಮ್ಮಂಥವ್ರ್ ನಂಗೆ ಬೇಕ್ ಕಾಣಿ. ನಿಮ್ಮನ್ನ ಬಿಟ್ರೆ ಹ್ಯಾಂಗಾತ್ತ್?”

ಮೂರು ವರ್ಷದಲ್ಲಿ ಈ ಮಾತನ್ನು ಅವರು ಮೊದಲ ಸಲ ಕೇಳಿದ್ದರು. ಕಿಸೆಯಿಂದ ಕೈ ಬರಿದಾಗಿ ಹೊರಬಂತು.

ಬೈಂದೂರಿನವರೆಗೂ ಅವರು ಹಾಗೆಯೇ ಮಡಚಿಕೊಂಡು ಕೂತರು. ಕೊಡೆಯನ್ನು ಸಿಕ್ಕಿಸಿ ಬಿಡೋಣವೆಂದರೆ ಮೊದಲ ಹೊಂಡಕ್ಕೇ ಜಾರುತ್ತಿತ್ತು. ಹೆಗ್ಡೆಯವರು ಎಮ್ಮೆಗೊಮ್ಮೆ, ಅಂಗಡಿಗೊಮ್ಮೆ, ಯಾರೂ ಇಲ್ಲದ ತಿರುವಿಗೂ ಒಮ್ಮೆ ಹಾರ್ನ್ ಹಾಕಿಸಿದರು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಒಂದು ಕಡೆ ಹೊಳೆ. ಮಾಷ್ಟ್ರಿಗೆ ಕಂಡದ್ದು ಗಣಪನ ಹೆಬ್ಬೆರಳು.

ಅಂದಿನಿಂದ ಹೆಗ್ಡೆಯವರ ಕಾರು ಮಾಷ್ಟ್ರಿಲ್ಲದೆ ಹೊರಡಲಿಲ್ಲ. ಮದುವೆಗೆ, ಸಾಸ್ತಾನದ ನೆಂಟರ ಮನೆಗೆ, ಬಸ್ರೂರಿಗೆ, ಎಲ್ಲ ಕಡೆಗೂ ಕರೆ ಬಂತು. “ಬೇರೆಯವ್ರ ಕಾರಿಗೆ ರಬ್ಬರ್ ಹಾರ್ನ್, ನಂದಕ್ಕೆ ಬಿ.ಎಸ್ಸಿ. ಹಾರ್ನ್,” ಎಂದು ಅವರು ಹೇಳಿಕೊಂಡು ತಿರುಗಿದರು. ಭೋಜನನ್ನು ಮತ್ತೆ ಕರೆಸುವ ಎಂದು ಗಣಪ ಎರಡು ಸಲ ಸೂಚಿಸಿದ. ಎರಡು ಸಲವೂ ಮಾಷ್ಟ್ರು, ದೋಷ ಬಹಳ ಸೂಕ್ಷ್ಮದ್ದು, ಇನ್ನೂ ಪರೀಕ್ಷಿಸಬೇಕು ಎಂದು ತಡೆದರು. ಗಣಪ ಅವರ ಕಿಸೆಯಿಂದ ಇಣುಕುತ್ತಿದ್ದ ತಂತಿಯನ್ನು ನೋಡಿದ, ಹೋಗಿ ಕಾರಿನ ಗಾಜು ಒರೆಸತೊಡಗಿದ.

ಹನ್ನೊಂದನೆಯ ವಾರ ಹೆಗ್ಡೆಯವರಿಗೆ ಪೆನ್ನು ಸಿಕ್ಕಿತು. ಖಾಯಂ ಆದೇಶದ ಮೇಲಿನ ಶಾಯಿ ಆರಿದ ಮೇಲೆ ಮಾಷ್ಟ್ರು ಅಂಗಳಕ್ಕಿಳಿದು, ಕಾರಿನೊಳಗೆ ತಲೆ ಹಾಕಿ, ತಂತಿ ಬಿಗಿದು, ಮೈ ಕೊಡವಿಕೊಂಡು ಎದ್ದರು. ಗಣಪ ಗುಂಡಿ ಒತ್ತಿದ. ಯಾರೂ ಕೊಡೆ ಹಿಡಿಯದೆ ಹಾರ್ನ್ ಕೂಗಿತು.

ಜಗಲಿಯಲ್ಲಿ ನಿಂತ ಹೆಗ್ಡೆಯವರ ಮುಖ ಬಾಡಿತು. “ಹಾಂಗಾರೆ ನಾಳೆ ನೀವ್ ಬಪ್ದಿಲ್ಯಾ?”

“ನಾಳೆ ಶಾಲೆ ಉಂಟು ಹೆಗ್ಡೇರೆ,” ಎಂದರು ಖಾಯಂ ಮಾಷ್ಟ್ರು.

ಮರುದಿನದವರೆಗೆ ಕಾಯದೆ, ಅಂದೇ ಶಾಲೆಗೆ ಹೋಗಿ ಪ್ರಯೋಗದ ಪುಸ್ತಕದಲ್ಲಿ ಬರೆದಿಟ್ಟರು. ದೋಷ: ಜೋಡಣೆಯ ರಬ್ಬರ್. ಪರಿಹಾರ: ತಾಮ್ರದ ತಂತಿ. ತಗಲಿದ ಕಾಲ ಎಂಬಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಂತಿತು. ಆ ಜಾಗವನ್ನು ಖಾಲಿ ಬಿಟ್ಟು ಮುಂದಿನದನ್ನು ತುಂಬಿದರು. ತಂತಿಯ ಉದ್ದ: ನಾಲ್ಕೂವರೆ ಇಂಚು.