ಹಗುರ ಬೀಜ

ತುಟಿಯ ಮೇಲೆ ಹಾಲಿನ ಹನಿಯೊಂದು ನಿಂತಿದೆ, ಒಳಗೂ ಹೋಗುತ್ತಿಲ್ಲ, ಹೊರಗೂ ಜಾರುತ್ತಿಲ್ಲ, ಎದೆಗಾನಿಸಿಕೊಂಡ ಮಗುವಿನ ಬಾಯಿ ಅರೆತೆರೆದೇ ಇದೆ, ಒಳಗೆ ಬರೀ ಕತ್ತಲೆ — ಕತ್ತಲೆ ನೋಡುವುದೇ ಕಸುಬಾದವಳಿಗೆ ಇಷ್ಟು ಚಿಕ್ಕ ಕತ್ತಲೆ ನೋಡಿ ಅಭ್ಯಾಸವಿಲ್ಲ, ಅವಳವು ನೂರು ಕೋಟಿ ಸೂರ್ಯರಷ್ಟು ಭಾರದವು, ವಿಶ್ವ ಇನ್ನೂ ಎಳೆಗೂಸಾಗಿದ್ದಾಗಲೇ ಅಷ್ಟು ದಪ್ಪಗಾಗಿ ಕೂತಿದ್ದ ಕಪ್ಪುರಂಧ್ರಗಳು, ಏನು ತಿಂದವು, ಯಾವಾಗ ತಿಂದವು ಎಂದು ತಲೆ ಕೆಡಿಸಿಕೊಂಡೇ ಕೂದಲು ನರೆಯತೊಡಗಿತ್ತು, ಹುಟ್ಟಿದಾಗ ತೂಕ ಎಷ್ಟಿತ್ತಮ್ಮ ಎಂದು ಸಿಸ್ಟರ್ ಕೇಳಿದಾಗ ನಿದ್ದೆಗಣ್ಣಲ್ಲಿ ನೂರು ಕೋಟಿ ಎಂದುಬಿಟ್ಟಿದ್ದಳು, ಸಿಸ್ಟರ್ ಪೆನ್ನು ಹಿಡಿದೇ ಅವಳ ಮುಖ ನೋಡಿ, ಗ್ರಾಮಲ್ಲಿ ಹೇಳಿ ಸಾಕು, ಅಂದಿದ್ದಳು, ಇಡೀ ವಾರ್ಡು ನಕ್ಕಿತ್ತು, ಅವಳೂ ನಕ್ಕಿದ್ದಳು, ಆಗಿನ್ನೂ ನಗು ಬರುತ್ತಿತ್ತು.

ಮೂಗಿನಲ್ಲಿ ನಳಿಕೆ, ಹಾಲು ಅದರಲ್ಲೇ ಇಳಿಯಬೇಕು, ಹಾಲು ಎಳೆಯೋದು ಗೊತ್ತಿಲ್ಲಮ್ಮ ಇದಕ್ಕೆ, ದಿನ ತುಂಬೋ ಮೊದ್ಲೇ ಅವಸರ ಮಾಡ್ಕೊಂಡು ಬಂದ್ಬಿಟ್ಟಿದೆ ನೋಡಿ, ಎನ್ನುತ್ತಾಳೆ ಸಿಸ್ಟರ್ — ಎಳೆಯದಕ್ಕೆ ಎಳೆಯಲು ಬಾರದು, ಎಳೆಯುವುದೊಂದೇ ಗೊತ್ತಿರುವ ವಸ್ತುಗಳ ಬಗ್ಗೆ ಪಾಠ ಹೇಳುವವಳ ಹೊಟ್ಟೆಯಲ್ಲಿ ಎಂಥದು ಹುಟ್ಟಿತು, ಗಾಜಿನಾಚೆ ಗಂಡ ಹುಬ್ಬೇರಿಸಿ ಏನಾಯ್ತು ಎಂದು ಕೇಳುತ್ತಾನೆ, ಡಾಕ್ಟರು ಬೆಳಿಗ್ಗೆಯೇ ಹೇಳಿಹೋದರು, ಇವತ್ತೂ ಎಳೀಲಿಲ್ಲ ಅಂದ್ರೆ ಹೊಟ್ಟೆಗೇ ಒಂದು ಸಣ್ಣ ರಂಧ್ರ ಮಾಡಿ ನಳಿಕೆ ಇಡೋಣ, ರಂಧ್ರ, ಬೇರೆ ಪದ ಸಿಗಲಿಲ್ಲವೇ ಆ ಮಹಾರಾಯನಿಗೆ — ಬೆಳೆಯುವ ಪೈರು ಮೊಳಕೆಯಲ್ಲೇ ಗೊತ್ತು ಎಂದು ಸಭೆಗಳಲ್ಲಿ ಮೇಜು ಕುಟ್ಟಿದವಳು ತಾನೇ, ಸತ್ತ ನಕ್ಷತ್ರದಿಂದ ಹುಟ್ಟಿದ ಕಪ್ಪುರಂಧ್ರದ ಹಗುರ ಬೀಜ ಅಷ್ಟು ಬೇಗ ಅಷ್ಟು ಬೆಳೆಯಲಾರದು, ದೊಡ್ಡ ಅನಿಲದ ಮೋಡವೇ ಕುಸಿದು, ಹುಟ್ಟುವಾಗಲೇ ಭಾರವಾಗಿರಬೇಕು, ಹಿಂದಿನ ಸಾಲಿನಿಂದ ನಿವೃತ್ತ ಪ್ರೊಫೆಸರರೊಬ್ಬರು, ಮಧ್ಯೆ ಮಧ್ಯೆ ಮಿತಿ ಮೀರಿ ತಿಂದಿರಬಹುದಲ್ಲಮ್ಮ, ಅಂದಿದ್ದರು, ಮಿತಿ ಮೀರಿದರೆ ತಿಂದದ್ದೇ ಕಾದು ಉರಿದು, ಆ ಬೆಳಕೇ ಮುಂದಿನ ತುತ್ತನ್ನು ಆಚೆ ತಳ್ಳುತ್ತೆ ಸಾರ್ ಎಂದು ಅವರನ್ನು ಕೂರಿಸಿದ್ದಳು, ಈಗ ಆ ಮುದುಕರ ಮಾತೇ ನಿಜವಾಗಲಿ, ತನ್ನ ವರ್ಷಗಟ್ಟಲೆಯ ಲೆಕ್ಕ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಲಿ, ಹಗುರವಾಗಿ ಹುಟ್ಟಿದ್ದೂ ಬೆಳೆಯುತ್ತದೆ ಎಂದು ಯಾರಾದರೂ ಸಾಧಿಸಿ ತೋರಿಸಲಿ, ಅವಳೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾಳೆ, ಒತ್ತಬೇಡಿ ಅಮ್ಮ, ಆತುರ ಬೇಡ, ನೆತ್ತಿಗೆ ಹತ್ತುತ್ತೆ, ಅದೇ ಎಳೀಲಿ, ಎನ್ನುತ್ತಾಳೆ ಸಿಸ್ಟರ್, ಆತುರ ಬೇಡವಂತೆ, ಹೇಳುವವರಿಗೇನು — ಎಳೆ, ನನ್ನಮ್ಮ, ಎಳೆ, ಧೂಳು, ಅನಿಲ, ಈ ಟ್ಯೂಬ್‌ಲೈಟಿನ ಬೆಳಕು, ನಿನ್ನಮ್ಮನ ವಾದ, ಏನು ಸಿಕ್ಕಿದರೂ ಎಳೆದುಕೋ, ಭಯವಾಗುತ್ತಿದೆ ಕಣೇ ನನಗೆ, ಎದೆಯ ತುದಿಯಲ್ಲಿ ಏನೋ ಚುರ್ ಎಂದಿತು, ಭ್ರಮೆ, ಅಲ್ಲ, ಮತ್ತೆ, ಕಂಕುಳವರೆಗೂ ಜಗ್ಗಿದಂತೆ, ನಿಂತಿತು, ಬಾಯಿ ಬಿಟ್ಟಿತು, ಬಾಗಿ ನೋಡುತ್ತಾಳೆ, ಪುಟ್ಟ ಗಂಟಲೊಮ್ಮೆ ಅಲುಗಿತು, ಆ ತುಟಿ, ಆ ಕತ್ತಲೆ, ತುಟಿಯ ಮೇಲಿನ ಹನಿ — ಹನಿ ಎಲ್ಲಿ, ಕೆನ್ನೆಯ ಮೇಲಿಲ್ಲ, ಬಟ್ಟೆಯ ಮೇಲಿಲ್ಲ, ಹನಿ ಇಲ್ಲ, ಹನಿ ಇಲ್ಲ